ಹನ್ನೊಂದು ವರ್ಷದ ಹುಡುಗನಿಂದ ಶುರುವಾದ ಸ್ಮಶಾನ

ಐರ್ಲೆಂಡ್ ದೇಶದ ರಾಜಧಾನಿ ಡಬ್ಲಿನ್. ಅಲ್ಲಿನ ನಗರಪಾಲಿಕೆ ವ್ಯಾಪ್ತಿಯಲ್ಲಿ ಇವತ್ತು ಬದುಕಿರುವವರು ಸುಮಾರು 6 ಲಕ್ಷ ಜನ. ಅದೇ ಊರಿನ ಗ್ಲಾಸ್ನೆವಿನ್ ಎಂಬ ಒಂದೇ ಸ್ಮಶಾನದಲ್ಲಿ ಮಣ್ಣಾದವರು 15 ಲಕ್ಷಕ್ಕೂ ಹೆಚ್ಚು.

ಜಾಗ 120 ಎಕರೆಗೂ ಮಿಗಿಲು. ಸ್ಮಶಾನ ಅಂದರೆ ನಮ್ಮ ಕಣ್ಣಿಗೆ ಬರುವುದು ಜಾಲಿ ಮುಳ್ಳು, ಒಡೆದ ಮಡಕೆ. ಅಲ್ಲಿ ಹಾಗಿಲ್ಲ. ಸಾಲು ಮರ, ಹುಲ್ಲುಹಾಸು, ನಡೆದಾಡಲು ದಾರಿ, ಎತ್ತ ನೋಡಿದರೂ ಕೆತ್ತನೆಯ ಕಲ್ಲಿನ ಶಿಲುಬೆಗಳು. ಪಕ್ಕದಲ್ಲೇ ನಮ್ಮ ಲಾಲ್‌ಬಾಗಿನಂಥ ಸಸ್ಯೋದ್ಯಾನ. ಜನ ಟಿಕೆಟ್ ಕೊಟ್ಟು, ಗೈಡ್ ಹಿಂದೆ ನಡೆದು ಈ ಸ್ಮಶಾನ ನೋಡುತ್ತಾರೆ.

ನಾನು ಅಲ್ಲಿಗೆ ಹೋದವನಲ್ಲ. ತಾಲ್ಲೂಕಿನ ಸುದ್ದಿ ಕಳಿಸುವವನು. ಆದರೂ ಈ ಸ್ಮಶಾನ ಹುಟ್ಟಿದ ಕಥೆ ಓದಿದಾಗ, ಇದು ನಾನೇ ಬರೆದ ಸುದ್ದಿಯಂತಿದೆಯಲ್ಲ ಅನಿಸಿತು.

ಆಗ ಐರ್ಲೆಂಡನ್ನು ಆಳುತ್ತಿದ್ದದ್ದು ಬ್ರಿಟಿಷರು. ಜನರಲ್ಲಿ ಹೆಚ್ಚಿನವರು ಕ್ಯಾಥೊಲಿಕ್ ಕ್ರೈಸ್ತರು, ಅಧಿಕಾರ ಮಾತ್ರ ಪ್ರೊಟೆಸ್ಟೆಂಟರದು. ಕ್ಯಾಥೊಲಿಕರಿಗೆ ತಮ್ಮದೇ ಸ್ಮಶಾನ ಇರಲಿಲ್ಲ. ಪ್ರೊಟೆಸ್ಟೆಂಟ್ ಚರ್ಚುಗಳ ಅಂಗಳದಲ್ಲೇ ಹೂಳಬೇಕಿತ್ತು. 1823ರಲ್ಲಿ ಸೇಂಟ್ ಕೆವಿನ್ ಚರ್ಚಿನ ಅಂಗಳದಲ್ಲಿ ಒಬ್ಬ ಕ್ಯಾಥೊಲಿಕನ ಅಂತ್ಯಸಂಸ್ಕಾರ ನಡೆದಿತ್ತು. ಪಾದ್ರಿ ಪ್ರಾರ್ಥನೆಗೆ ಬಾಯಿ ತೆರೆಯುವಷ್ಟರಲ್ಲಿ ಆ ಚರ್ಚಿನ ನೌಕರ ಬಂದು ತಡೆದ. ಹೆಣ ಮುಂದಿದೆ, ಬಂಧುಗಳು ನಿಂತಿದ್ದಾರೆ, ಆದರೆ ಸತ್ತವನಿಗಾಗಿ ಎರಡು ಮಾತು ಹೇಳುವ ಹಾಗಿಲ್ಲ.

ಈ ಅವಮಾನ ಇಡೀ ಊರನ್ನು ಕೆರಳಿಸಿತು. ಡೇನಿಯಲ್ ಓಕಾನೆಲ್ ಎಂಬ ವಕೀಲರು ಕಾನೂನು ತಿರುವಿ ನೋಡಿ, ಸಮಾಧಿ ಮುಂದೆ ಪ್ರಾರ್ಥನೆ ಮಾಡಬಾರದೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ ಎಂದು ಬರೆದುಕೊಟ್ಟರು. ತಡೆ ಇದ್ದದ್ದು ಕಾಗದದಲ್ಲಲ್ಲ, ರೂಢಿಯಲ್ಲಿ, ಗದರುವವರ ದರ್ಪದಲ್ಲಿ.

ನಮ್ಮಲ್ಲೂ ಹಾಗೇ ತಾನೆ? ಹೆಣ ಹೊತ್ತು ಹೋಗುವ ದಾರಿಗೆ ಬೇಲಿ ಹಾಕಿದವರನ್ನು ಕೇಳಿ. ಕಾನೂನು ತೋರಿಸುವುದಿಲ್ಲ. 'ಮೊದಲಿಂದ ಹಿಂಗೇ' ಅನ್ನುತ್ತಾರೆ. ದಲಿತ ಕೇರಿಯ ಹಿರಿಯರೊಬ್ಬರು ತೀರಿಕೊಂಡಾಗ, ಎದೆಮಟ್ಟದ ಹಳ್ಳದ ನೀರಿನಲ್ಲಿ ಚಟ್ಟ ಹೊತ್ತು ದಾಟಿದವರನ್ನು ದಡದಲ್ಲಿ ನಿಂತು ನಾನು ನೋಡಿದ್ದೇನೆ. ಸುದ್ದಿ ಒಂದು ಕಾಲಂ ಬಂತು. ಮರುವರ್ಷದ ಮಳೆಗೆ ಇನ್ನೊಂದು ಹೆಣ ಅದೇ ನೀರಿನಲ್ಲಿ ದಾಟಿತು.

ಡಬ್ಲಿನ್ನಿನವರು ಮನವಿ ಕೊಟ್ಟು ಸುಮ್ಮನಾಗಲಿಲ್ಲ. ಸಮಿತಿ ಕಟ್ಟಿ ಜಾಗ ಕೊಂಡರು. 1829ರಲ್ಲಿ ಗೋಲ್ಡನ್‌ಬ್ರಿಡ್ಜ್ ಎಂಬಲ್ಲಿ ಒಂದು ಚಿಕ್ಕ ಸ್ಮಶಾನವಾಯಿತು. ಅದು ಸಾಲದಾದಾಗ ಗ್ಲಾಸ್ನೆವಿನ್‌ನಲ್ಲಿ 9 ಎಕರೆ ಕೊಂಡರು. 1832ರ ಫೆಬ್ರುವರಿ 22ರಂದು ಅಲ್ಲಿ ಮೊದಲ ಗುಂಡಿ ತೋಡಿದರು. ಮಣ್ಣಾದದ್ದು ಯಾವ ನಾಯಕನೂ ಅಲ್ಲ, ಮೈಕೆಲ್ ಕೇರಿ ಎಂಬ 11 ವರ್ಷದ ಹುಡುಗ.

ನನಗೆ ಮುಖ್ಯ ಅನಿಸುವುದು ಆಮೇಲಿನ ಮಾತು. ಅವಮಾನ ಉಂಡವರು ಬಾಗಿಲು ಹಾಕಿಕೊಂಡು 'ಇದು ನಮ್ಮದು, ನೀವು ಬರಬೇಡಿ' ಅನ್ನಬಹುದಿತ್ತು. ಅನ್ನಲಿಲ್ಲ. ಎಲ್ಲ ಧರ್ಮದವರಿಗೂ, ಧರ್ಮವೇ ಇಲ್ಲದವರಿಗೂ ಇಲ್ಲಿ ಜಾಗ ಉಂಟು ಅಂದರು. 1891ರಲ್ಲಿ ತೀರಿಕೊಂಡ ದೊಡ್ಡ ನಾಯಕ ಪಾರ್ನೆಲ್ ಪ್ರೊಟೆಸ್ಟೆಂಟ್. ಅವರೂ ಇಲ್ಲೇ ಮಲಗಿದ್ದಾರೆ. ಕಾಲರಾದಲ್ಲಿ ಸತ್ತ ಬಡವರನ್ನು ಸಾಮೂಹಿಕವಾಗಿ ಹೂತ ಜಾಗದಲ್ಲೇ ಅವರ ಸಮಾಧಿ. ಮೇಲೊಂದು ಒರಟು ಬಂಡೆ, ಅದರ ಮೇಲೆ ಹೆಸರು, ಅಷ್ಟೇ.

ಓಕಾನೆಲ್ 1847ರಲ್ಲಿ ಇಟಲಿಯ ಜಿನೋವಾದಲ್ಲಿ ತೀರಿಕೊಂಡರು. ಅವರ ಕೋರಿಕೆಯಂತೆ ಹೃದಯ ರೋಮ್‌ಗೆ ಹೋಯಿತು, ದೇಹ ಗ್ಲಾಸ್ನೆವಿನ್‌ಗೆ ಬಂತು. ಸಮಾಧಿಯ ಮೇಲೆ 50 ಮೀಟರಿಗೂ ಎತ್ತರದ ಗೋಪುರ ನಿಂತಿದೆ.

ಹಾಗಂತ ಅಲ್ಲಿ ಎಲ್ಲವೂ ಸಮ ಎಂದರೆ ಸುಳ್ಳಾಗುತ್ತದೆ. ದುಡ್ಡಿದ್ದವರಿಗೆ ಒಳ್ಳೆಯ ಜಾಗ, ದೊಡ್ಡ ಕಲ್ಲು. ಇಲ್ಲದವರಿಗೆ ಬಡವರ ಮೂಲೆ, ಒಂದೇ ಗುಂಡಿಯಲ್ಲಿ ಹಲವರು. ಕಾವಲಿನದೂ ಒಂದು ಕಥೆ. ಸುತ್ತಲ ಗೋಡೆಯ ಮೇಲಿನ ಕಾವಲು ಗೋಪುರಗಳು ಈಗಲೂ ಇವೆ. ವೈದ್ಯಕೀಯ ಶಾಲೆಗಳಿಗೆ ಮಾರಲೆಂದು ರಾತ್ರಿ ಹೆಣ ಅಗೆದು ಒಯ್ಯುವ ಕಳ್ಳರಿದ್ದ ಕಾಲ ಅದು.

ಎದೆ ಹಿಂಡುವುದು ಎಳೆಗೂಸುಗಳ ಜಾಗ. ಜ್ಞಾನಸ್ನಾನ ಆಗದೆ ಸತ್ತ ಮಗುವಿಗೆ ಪವಿತ್ರ ನೆಲವಿಲ್ಲ ಎಂಬುದು ಆಗಿನ ಕ್ಯಾಥೊಲಿಕ್ ರೂಢಿ. ಹಳ್ಳಿಗಳಲ್ಲಿ ಅಪ್ಪಂದಿರು ಕತ್ತಲಲ್ಲಿ ಹೊಲದಂಚಿಗೆ ಹೋಗಿ ಹೂತು ಬರುತ್ತಿದ್ದರು. ಗ್ಲಾಸ್ನೆವಿನ್‌ನಲ್ಲಿ ಅಂಥ ಕೂಸುಗಳಿಗೆ ಜಾಗ ಸಿಕ್ಕಿತು. ಅದನ್ನು ದೇವದೂತರ ಜಾಗ ಅಂತ ಕರೆಯುತ್ತಾರೆ. ಸಾವಿರಾರು ಕೂಸುಗಳಿವೆ ಅಲ್ಲಿ.

ನಮ್ಮ ದೇಶದ ನಂಟೂ ಇದಕ್ಕಿದೆ. 1920ರಲ್ಲಿ ಪಂಜಾಬಿನಲ್ಲಿದ್ದ ಕನಾಟ್ ರೇಂಜರ್ಸ್ ಎಂಬ ಪಡೆಯ ಐರಿಷ್ ಸೈನಿಕರು, ತಮ್ಮ ದೇಶದ ಮೇಲೆ ಬ್ರಿಟಿಷರು ನಡೆಸಿದ ದಬ್ಬಾಳಿಕೆಯ ಸುದ್ದಿ ಕೇಳಿ, ಇನ್ನು ಕೆಲಸ ಮಾಡುವುದಿಲ್ಲ ಎಂದು ದಂಗೆ ಎದ್ದರು. ಸೋಲನ್‌ನಲ್ಲಿ ಸಿಯರ್ಸ್ ಮತ್ತು ಸ್ಮಿತ್ ಎಂಬ ಇಬ್ಬರು ಗುಂಡೇಟಿಗೆ ಸತ್ತರು. ಜೇಮ್ಸ್ ಡೇಲಿ ಎಂಬಾತನನ್ನು ದಗ್‌ಶಾಯಿ ಜೈಲಿನಲ್ಲಿ ಗುಂಡಿಟ್ಟು ಕೊಂದರು. ಮೂವರೂ 50 ವರ್ಷ ಭಾರತದ ಮಣ್ಣಲ್ಲಿದ್ದರು. 1970ರಲ್ಲಿ ಅವರ ಅವಶೇಷಗಳನ್ನು ಊರಿಗೆ ಒಯ್ದರು. ಸಿಯರ್ಸ್, ಸ್ಮಿತ್ ಈಗ ಗ್ಲಾಸ್ನೆವಿನ್‌ನಲ್ಲಿದ್ದಾರೆ. ಸತ್ತವರನ್ನು ತಮ್ಮ ನೆಲಕ್ಕೆ ತರಲು ಒಂದು ದೇಶ ಅರ್ಧ ಶತಮಾನ ಆದ ಮೇಲೂ ಮರೆಯಲಿಲ್ಲ.

ಜಗಳ ಮಾತ್ರ ಮುಗಿದಿಲ್ಲ. 1916ರ ದಂಗೆಯಲ್ಲಿ ಸತ್ತ ಎಲ್ಲರ ಹೆಸರನ್ನೂ, ಬ್ರಿಟಿಷ್ ಸೈನಿಕರ ಹೆಸರನ್ನೂ ಸೇರಿಸಿ, 2016ರಲ್ಲಿ ಇಲ್ಲೊಂದು ಗೋಡೆ ಕಟ್ಟಿದರು. ಅದರ ಮೇಲೆ 2017ರಲ್ಲೂ 2020ರಲ್ಲೂ ದಾಳಿ ಆಯಿತು. ಕೊನೆಗೆ ಆ ಗೋಡೆಯನ್ನೇ ಕೈಬಿಟ್ಟರು. ಯಾರ ಹೆಸರು ಯಾರ ಪಕ್ಕ ಇರಬೇಕು ಎಂಬುದು ಅಲ್ಲೂ ಸುಲಭದ ಪ್ರಶ್ನೆಯಲ್ಲ.

ಆದರೆ ಒಂದು ಕೆಲಸವನ್ನು ಆ ಸ್ಮಶಾನ ಮೊದಲಿಂದ ಮಾಡಿಕೊಂಡು ಬಂದಿದೆ: ಮಣ್ಣು ಮಾಡಿದವರ ಲೆಕ್ಕ ಬರೆದಿಡುವುದು. ಗೋರಿಗೆ ಕಲ್ಲಿಲ್ಲದ ಬಡವರೂ ಆ ಪುಸ್ತಕದಲ್ಲಿದ್ದಾರೆ. ಮೊಮ್ಮಗನ ಮಗ ಅಮೆರಿಕದಿಂದ ಬಂದು ಕೇಳಿದರೂ ಹುಡುಕಿ ತೋರಿಸಬಹುದು.

ನಮ್ಮೂರುಗಳಲ್ಲಿ ಅಜ್ಜಿಯನ್ನು ಎಲ್ಲಿ ಮಣ್ಣು ಮಾಡಿದ್ದು ಅಂದರೆ 'ಆ ಬೇವಿನ ಮರದ ಹತ್ತಿರ' ಅನ್ನುತ್ತೇವೆ. ಮರ ಹೋದರೆ ಅಜ್ಜಿಯೂ ಹೋದಳು. ಆಮೇಲೆ ಪಕ್ಕದ ಹೊಲದ ನೇಗಿಲು ಬರುತ್ತದೆ.

ಇದನ್ನು ಓದುತ್ತಿರುವ ಮೊಬೈಲಿನಲ್ಲೇ ಪಹಣಿ ನೋಡಬಹುದು. ನಿಮ್ಮೂರಿನ ಸ್ಮಶಾನದ ಸರ್ವೆ ನಂಬರ್ ಯಾವುದು, ಜಾಗ ಎಷ್ಟು, ಯಾರ ಹೆಸರಲ್ಲಿದೆ, ಹೋಗುವ ದಾರಿ ನಕ್ಷೆಯಲ್ಲಿದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಈಗಲೇ ಅರ್ಜಿ ಕೊಡಿ. ಹೆಣ ಅಂಗಳದಲ್ಲಿ ಇಟ್ಟುಕೊಂಡು ಅರ್ಜಿ ಬರೆಯುವ ಕಷ್ಟ ಯಾರಿಗೂ ಬೇಡ.