ಮತ್ತೆ ಕಡಲಿಗೆ ಮರಳುವ ಕಬ್ಬಿಣ

ಉಡುಪಿಗೆ ಬಂದ ಯಾತ್ರಿಕನು ಶ್ರೀಕೃಷ್ಣನ ದರ್ಶನವನ್ನು ಮುಗಿಸಿಕೊಂಡು, ಮಲ್ಪೆಯನ್ನು ನೋಡದೆ ಹಿಂದಿರುಗುವುದು ಅಪರೂಪ. ಪಶ್ಚಿಮಕ್ಕೆ ಸುಮಾರು ಆರು ಕಿಲೋಮೀಟರು ಸಾಗಿದರೆ ಕಡಲು. ಮರಳಿನ ದಂಡೆ, ತೆಂಗಿನ ಸಾಲು, ದೂರದಲ್ಲಿ ಕಂಬಕಂಬವಾಗಿ ನಿಂತ ಶಿಲೆಗಳ ಸೇಂಟ್ ಮೇರೀಸ್ ದ್ವೀಪ. ಇಷ್ಟನ್ನು ಕಂಡರೆ ಪ್ರವಾಸಿಯ ಕಣ್ಣು ತಣಿಯುತ್ತದೆ. ಆದರೆ ಹೊಳೆಯು ಕಡಲನ್ನು ಕೂಡುವ ಎಡೆಯಲ್ಲಿ, ಮೀನುಗಾರಿಕೆಯ ಬಂದರಿನ ಬದಿಗೆ, ಇನ್ನೊಂದು ಮಲ್ಪೆಯಿದೆ. ಅಲ್ಲಿ ಮೀನಿನ ವಾಸನೆಯೊಡನೆ ಡೀಸೆಲಿನ ವಾಸನೆ ಬೆರೆತಿರುತ್ತದೆ. ಅಲೆಯ ಸದ್ದಿನೊಡನೆ ಸುತ್ತಿಗೆಯ ಸದ್ದು ಕೇಳಿಬರುತ್ತದೆ. ವಾಚಕರನ್ನು ಈ ಹೊತ್ತು ಅತ್ತ ಕರೆದೊಯ್ಯುವುದು ನಮ್ಮ ಉದ್ದೇಶ.

ಈ ಮಲ್ಪೆಯನ್ನು ನೋಡಬೇಕಾದುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, ಅರವತ್ತೊಂದು ದಿನ, ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಸಂತತಿಗೆ ವಿರಾಮ ದೊರೆಯಲೆಂದು ಸರಕಾರವು ವಿಧಿಸಿದ ನಿಷೇಧವಿದು. ನೂರಾರು ದೋಣಿಗಳು ಒಂದಕ್ಕೊಂದು ಮೈಯೊತ್ತಿ ಧಕ್ಕೆಯಲ್ಲಿ ನಿಂತಿರುತ್ತವೆ. ಬಲೆಗೆ ತೇಪೆ, ಹಲಗೆಗೆ ಬಣ್ಣ, ಎಂಜಿನ್ನಿಗೆ ಚಿಕಿತ್ಸೆ, ಎಲ್ಲವೂ ಈ ಎರಡು ತಿಂಗಳಲ್ಲೇ ಮುಗಿಯಬೇಕು. ಹಳೆಯ ಎಂಜಿನ್ನನ್ನು ಕಿತ್ತು ಹೊಸದನ್ನು ಕೂಡಿಸುವ ಕಾಲವೂ ಇದೇ.

ಈ ಕರಾವಳಿಗೆ ಎಂಜಿನ್ನು ಬಂದು ಬಹಳ ಕಾಲವಾಗಿಲ್ಲ. ಹಿಂದೆ ಇಲ್ಲಿನ ಮೊಗವೀರರು ಹುಟ್ಟು, ಹಾಯಿಗಳನ್ನು ನಂಬಿ, ರಂಪಣಿ ಬಲೆಯನ್ನು ದಡಕ್ಕೆಳೆದು ಬಾಳಿದವರು. 1952ರ ಒಪ್ಪಂದದಂತೆ ಭಾರತ ಮತ್ತು ನಾರ್ವೆ ದೇಶಗಳ ಜಂಟಿ ಯೋಜನೆ ಕೇರಳದ ನೀಂಡಕರದಲ್ಲಿ ತೊಡಗಿತು; ಅದರ ಕಾರ್ಯ ಮುಂದೆ ಕಾರವಾರಕ್ಕೂ ಹಬ್ಬಿತು. ಹೀಗೆ ಯಂತ್ರದೋಣಿಯು ಪಶ್ಚಿಮ ಕರಾವಳಿಯಲ್ಲಿ ಬೇರೂರಿತು. ಬಳಿಕ ಬಂದ ಎಂಜಿನ್ನುಗಳಲ್ಲಿ ಅನೇಕವು ರಸ್ತೆಯ ಲಾರಿಯ ಎಂಜಿನ್ನಿನ ಬಂಧುಗಳೇ. ಅಶೋಕ್ ಲೇಲ್ಯಾಂಡ್ ಲಾರಿಯನ್ನು ಬಲ್ಲ ಮೆಕ್ಯಾನಿಕನಿಗೆ ದೋಣಿಯ ಎಂಜಿನ್ನು ಅಪರಿಚಿತವಲ್ಲ. ಆದರೆ ದಡದ ಬಳಿಯ ಮೀನು ಕಡಮೆಯಾದಂತೆ ದೋಣಿಗಳು ದೂರ ದೂರ ಹೋಗಬೇಕಾಯಿತು. ಎಂಟು ಹತ್ತು ದಿನ ಕಡಲಲ್ಲೇ ಇರಬೇಕಾಯಿತು. ನೂರರ ಆಸುಪಾಸಿನ ಅಶ್ವಶಕ್ತಿ ಸಾಲದಾಯಿತು. ಮುನ್ನೂರನ್ನು ಮೀರಿದ ಹೊಸ ಎಂಜಿನ್ನುಗಳು ಬಂದವು. ಅವುಗಳಲ್ಲಿ ಚೀನಾ ದೇಶದವೂ ಇವೆ.

ಎಂಜಿನ್ನು ಬದಲಾದಾಗ ಅದೊಂದೇ ಬದಲಾಗುವುದಿಲ್ಲ. ನಿಮಿಷಕ್ಕೆ 1800 ಸುತ್ತು ತಿರುಗುವ ಎಂಜಿನ್ನಿಗೆ ಮೂರಕ್ಕೊಂದರ ಗೇರ್‌ಬಾಕ್ಸ್ ಇದ್ದರೆ ನೀರಿನಲ್ಲಿ ಪ್ರೊಪೆಲರ್ ತಿರುಗುವುದು 600 ಸುತ್ತು. ಎಂಜಿನ್ನಿನ ಬಲ ಹೆಚ್ಚಿದರೆ ಹಳೆಯ ಗೇರ್‌ಬಾಕ್ಸಿನ ಹಲ್ಲುಗಳು ಅದನ್ನು ತಾಳಲಾರವು. ಹಳೆಯ ಪ್ರೊಪೆಲರಿನ ಅಗಲವೂ ಓರೆಯೂ ಹೊಂದಲಾರವು. ಆದಕಾರಣ ಎಂಜಿನ್ನಿನ ಹಿಂದೆಯೇ ಗೇರ್‌ಬಾಕ್ಸು, ಶಾಫ್ಟು, ಪ್ರೊಪೆಲರು ಎಲ್ಲವೂ ದಡ ಸೇರುತ್ತವೆ. ಇವೆಲ್ಲ ಕೆಟ್ಟುಹೋದುವೆಂದಲ್ಲ, ಆ ದೋಣಿಗೆ ಸಲ್ಲದಾದುವು, ಅಷ್ಟೆ.

ಹೊಸ ಎಂಜಿನ್ನಿಗೆ ಸಾಲ ಮಾಡಿದ ಮಾಲೀಕನಿಗೆ ಹಳೆಯದರ ಬೆಲೆ ದೊಡ್ಡ ಆಸರೆ. ಇಡಿಯಾಗಿ ಗುಜರಿಗೆ ಹಾಕಿದರೆ ಕಬ್ಬಿಣದ ತೂಕಕ್ಕೆ ಹಣ ಬರುತ್ತದೆ. ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಬರುತ್ತದೆ, ಆದರೆ ಕಾಯಬೇಕು. ಕೊಳ್ಳುವವನು ಯಾರು? ಅದೇ ಜಾತಿಯ ಹಳೆಯ ಎಂಜಿನ್ನನ್ನು ಇನ್ನೂ ಓಡಿಸುತ್ತಿರುವ ಸಣ್ಣ ದೋಣಿಯವನು. ಹೊಸತನ್ನು ಕೊಳ್ಳುವ ಶಕ್ತಿ ಅವನಿಗಿಲ್ಲ. ತಯಾರಕರು ಹಳೆಯ ಮಾದರಿಯ ಭಾಗಗಳನ್ನು ನಿಲ್ಲಿಸಿದ್ದರಂತೂ ಅವನಿಗೆ ಬೇರೆ ಗತಿಯಿಲ್ಲ. ಒಬ್ಬನ ಅಂಗಳದಲ್ಲಿ ಅಡ್ಡವಾಗಿ ಬಿದ್ದ ಪಂಪು ಇನ್ನೊಬ್ಬನ ಮನೆಯ ಒಲೆಯನ್ನು ಉರಿಸುತ್ತದೆ.

ಆದರೆ ಎಲ್ಲ ಭಾಗಗಳೂ ಸಮಾನವಾಗಿ ನಂಬಿಕೆಗೆ ಯೋಗ್ಯವಲ್ಲ. ಎಂಜಿನ್ನಿನ ಬೆನ್ನೆಲುಬಾದ ಕ್ರ್ಯಾಂಕ್‌ಶಾಫ್ಟು ಸವೆದಿದ್ದರೂ, ಬಿರುಕಿಲ್ಲದಿದ್ದರೆ, ಅದನ್ನು 0.25 ಅಥವಾ 0.50 ಮಿಲಿಮೀಟರಿನಷ್ಟು ಉಜ್ಜಿ, ಅದಕ್ಕೆ ತಕ್ಕ ಬೇರಿಂಗು ತೊಡಿಸಿದರೆ ಮತ್ತೆ ದುಡಿಯುತ್ತದೆ. ಡೀಸೆಲ್ ಪಂಪನ್ನು ಪರೀಕ್ಷಾಯಂತ್ರದ ಮೇಲೆ ಕಟ್ಟಿ ಅಳತೆಗೆ ತರಬಹುದು. ಕಂಚಿನ ಪ್ರೊಪೆಲರನ್ನು ಸುತ್ತಿಗೆಯಿಂದ ತಟ್ಟಿದರೆ ಅದು ಗಂಟೆಯಂತೆ ಮೊಳಗಬೇಕು. ಮಂಕಾದ ಸದ್ದು ಬಂದರೆ ಒಳಗೆ ಬಿರುಕು. ಲೋಹ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಉಪ್ಪುನೀರು ಅದರೊಳಗಿನ ಸತುವನ್ನು ತಿಂದಿದೆಯೆಂದು ತಿಳಿಯಬೇಕು.

ಅಪಾಯವಿರುವುದು ಸಮುದ್ರದ ನೀರನ್ನು ಕುಡಿದ ಭಾಗಗಳಲ್ಲಿ. ಲಾರಿಯ ಎಂಜಿನ್ನಿಗೆ ರೇಡಿಯೇಟರಿದೆ, ಗಾಳಿಯಿದೆ. ಎಷ್ಟೋ ದೋಣಿಗಳಲ್ಲಿ ಆ ಕೆಲಸವನ್ನು ಸಣ್ಣ ಕೊಳವೆಗಳ ಪೆಟ್ಟಿಗೆಯೊಂದು ಮಾಡುತ್ತದೆ. ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಉಪ್ಪುನೀರು. ಒಳಗೆ ಸತುವಿನ ಕಡ್ಡಿಯನ್ನಿಡುತ್ತಾರೆ. ಅದು ತಾನು ಕರಗಿ ಉಳಿದ ಲೋಹವನ್ನು ಉಳಿಸುತ್ತದೆ. ಹೊಗೆಯನ್ನು ಹೊರಗೊಯ್ಯುವ ಮ್ಯಾನಿಫೋಲ್ಡಿನ ಸುತ್ತಲೂ ನೀರು ಹರಿಯುವಂತೆ ಮಾಡಿದ್ದರೆ, ಅದನ್ನು ತುಕ್ಕು ಒಳಗಿನಿಂದಲೇ ಕೊರೆಯುತ್ತದೆ. ಮೇಲೆ ಹೊಸ ಬಣ್ಣ, ಒಳಗೆ ಕಾಗದದಂಥ ಗೋಡೆ! ಅದು ತೂತಾಗಿ ನೀರು ಸಿಲಿಂಡರಿಗಿಳಿದರೆ, ನೀರು ಗಾಳಿಯಂತೆ ಒತ್ತಿಸಿಕೊಳ್ಳುವ ವಸ್ತುವಲ್ಲವಾದುದರಿಂದ, ಪಿಸ್ಟನ್ನಿನ ದಂಡವೇ ಬಾಗಿಹೋಗುತ್ತದೆ. ಬಲ್ಲವರು ಈ ಭಾಗವನ್ನು ಒತ್ತಡದ ಪರೀಕ್ಷೆಯಿಲ್ಲದೆ ಕೊಳ್ಳುವುದಿಲ್ಲ.

ಇನ್ನು ಮಳೆ. ಎಂಜಿನ್ನು ಕೀಳುವ ಕಾಲವೇ ಕಬ್ಬಿಣಕ್ಕೆ ಯಮನಾದ ಕಾಲ. ಉಪ್ಪುಗಾಳಿ, ತೇವ, ತೆರೆದ ಅಂಗಳ: ಕೆಲವು ವಾರಗಳಲ್ಲೇ ಪಿಸ್ಟನ್ನಿನ ಉಂಗುರಗಳು ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ನಿನ್ನೆಯವರೆಗೆ ಓಡಿದ ಎಂಜಿನ್ನು ಹೀಗೆ ಗುಜರಿಯಾಗುತ್ತದೆ. ಜಾಣನಾದ ಮಾಲೀಕನು ದೋಣಿಯಲ್ಲಿರುವಾಗಲೇ ಅದನ್ನು ಓಡಿಸಿ ಕೊಳ್ಳುವವನಿಗೆ ತೋರಿಸುತ್ತಾನೆ. ಕಿತ್ತಮೇಲೆ ಸಿಹಿನೀರಿನಿಂದ ತೊಳೆದು, ಸಿಲಿಂಡರಿಗೆ ಎಣ್ಣೆ ಸುರಿದು, ತೂತುಗಳನ್ನೆಲ್ಲ ಮುಚ್ಚಿ, ಸೂರಿನ ಕೆಳಗಿಟ್ಟು, ಆಗಾಗ ಕೈಯಿಂದ ತಿರುಗಿಸುತ್ತಾನೆ. ಮಾದರಿ ಮತ್ತು ಸಂಖ್ಯೆಯಿರುವ ತಗಡನ್ನು ಕಳೆಯದೆ ಕಾಯುತ್ತಾನೆ. ಅದಿಲ್ಲದಿದ್ದರೆ ಯಾವ ಭಾಗ ಯಾವುದಕ್ಕೆ ಹೊಂದೀತೆಂದು ಹೇಳುವುದು ಕಷ್ಟ.

ಇಷ್ಟಾದರೂ, ಕೊಳ್ಳುವವನ ಕಣ್ಣಿಗೆ ಕಾಣದ ಸಂಗತಿ ಉಳಿದೇ ಉಳಿಯುತ್ತದೆ. ಅವನು ಕೊನೆಗೆ ತುಳುವಿನಲ್ಲಿ ಕೇಳುವ ಮಾತನ್ನು ಕನ್ನಡದಲ್ಲಿ ಹೇಳಿದರೆ ಇಷ್ಟು: “ಒಳಗೆ ಉಪ್ಪುನೀರು ಹೋದದ್ದು ಉಂಟಾ, ಮಾರಾಯ್ರೆ? ಇದ್ದದ್ದನ್ನು ಹೇಳಿ.” ಈ ಪ್ರಶ್ನೆಗೆ ಬರುವ ಉತ್ತರದ ಮೇಲೆ ಒಂದು ದೋಣಿಯೂ ಅದರೊಳಗಿನ ಜನರೂ ನಿಂತಿದ್ದಾರೆ. ರಸ್ತೆಯಲ್ಲಿ ಲಾರಿ ಕೆಟ್ಟರೆ ಬದಿಗೆ ನಿಲ್ಲಿಸಬಹುದು. ಕಡಲಿಗೆ ಬದಿಯೆಂಬುದಿಲ್ಲ. ಎಂಜಿನ್ನು ನಿಂತ ದೋಣಿಯನ್ನು ಗಾಳಿ ಮತ್ತು ಸೆಳವು ತಮಗೆ ಬೇಕಾದತ್ತ ಒಯ್ಯುತ್ತವೆ. ತಾಂಡೇಲನು ಎಷ್ಟೇ ನಿಪುಣನಾಗಿದ್ದರೂ ಆಗ ಮಾಡಬಹುದಾದುದು ಅಲ್ಪ. ಆದ್ದರಿಂದ “ಇದು ನನ್ನ ದೋಣಿಯಲ್ಲಿ ಬಿಸಿಯೇರುತ್ತಿತ್ತು” ಎಂದು ಹೇಳಿ ನಾಲ್ಕು ಕಾಸು ಕಡಮೆ ಪಡೆಯುವ ಮಾಲೀಕನು ವ್ಯಾಪಾರದಲ್ಲಿ ಸೋತವನಲ್ಲ.

ಮಲ್ಪೆಯ ವಡಭಾಂಡೇಶ್ವರದಲ್ಲಿ ಬಲರಾಮನ ಗುಡಿಯಿದೆ. ಹದಿಮೂರನೆಯ ಶತಮಾನದಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ಶ್ರೀಮಧ್ವಾಚಾರ್ಯರು ಇಲ್ಲಿಯ ದಡದಿಂದ ಪಾರುಮಾಡಿದರೆಂದೂ, ಹಡಗಿನವನು ಕಾಣಿಕೆ ಕೊಡಲು ಬಂದಾಗ ಅವರು ಗೋಪೀಚಂದನದ ಹೆಂಟೆಯನ್ನಷ್ಟೆ ಬೇಡಿದರೆಂದೂ ಪ್ರತೀತಿ. ಹಡಗಿನವನಿಗೆ ಅದು ಬರಿಯ ಮಣ್ಣು. ಅದರೊಳಗೆ ದೊರೆತ ಶ್ರೀಕೃಷ್ಣನೇ ಇಂದು ಉಡುಪಿಯಲ್ಲಿ ಪೂಜೆಗೊಳ್ಳುತ್ತಿದ್ದಾನೆ.

ಗುಡಿಯಿಂದ ಬಂದರಿಗೆ ದೂರವೇನಿಲ್ಲ. ಅಲ್ಲಿ ಎಣ್ಣೆ ಮೆತ್ತಿದ ಕೈಗಳು ಈಗಲೂ ಒಬ್ಬನಿಗೆ ಭಾರವಾದುದರಲ್ಲಿ ಇನ್ನೊಬ್ಬನಿಗೆ ಬೇಕಾದುದನ್ನು ಹುಡುಕುತ್ತಿರುತ್ತವೆ. ನಿಷೇಧ ಮುಗಿದು, ಪೂಜೆ ಸಲ್ಲಿಸಿ, ಆಗಸ್ಟಿನಲ್ಲಿ ದೋಣಿಗಳು ಅಳಿವೆಯನ್ನು ದಾಟಿ ಹೊರಡುವಾಗ, ಎಷ್ಟೋ ಹಳೆಯ ಪಂಪು, ಹಳೆಯ ಗೇರ್‌ಬಾಕ್ಸುಗಳು ಬೇರೆ ಹೆಸರಿನ ದೋಣಿಗಳಲ್ಲಿ ಕುಳಿತು ಮತ್ತೆ ಕಡಲಿಗೆ ಮರಳುತ್ತವೆ.