ಎಂಗಾಸಿ ಬಂದೆ

2024 ಡಿಸೆಂಬರ್ 7, ಶನಿವಾರ. ಮೈಸೂರು, ರಾತ್ರಿ

ಈ ವಾರವೂ ಕನಕಪುರದ ಮೇಲೆಯೇ ಬಂದೆ. ಕೋಣನಕುಂಟೆ ಬಿಟ್ಟಾಗ ಏಳೂಮುಕ್ಕಾಲು. ಇಲ್ಲಿ ಗೇಟು ತೆಗೆದಾಗ ಹನ್ನೆರಡು ದಾಟಿತ್ತು. ಹಲಗೂರಿನಲ್ಲಿ ಇಡ್ಲಿ, ಕಾಫಿ. ಕಿರುಗಾವಲು ಕಳೆದ ಮೇಲೆ ಒಂದು ಹುಣಸೆಮರದ ಕೆಳಗೆ ಅರ್ಧ ಗಂಟೆ. ಕೆಲಸವೇನಿರಲಿಲ್ಲ. ನೆರಳಿತ್ತು, ನಿಲ್ಲಿಸಿದೆ.

ಅಂಗಡಿಯಿಂದ ಊಟಕ್ಕೆ ಬಂದ ಅಣ್ಣ ಮಾಮೂಲಿ ಪಾಠ ಒಪ್ಪಿಸಿದ. ನೈಸ್ ರೋಡ್ ಹತ್ತು, ಎಕ್ಸ್‌ಪ್ರೆಸ್‌ವೇಗೆ ಇಳಿ, ಎರಡೇ ಗಂಟೆ. ಟೋಲ್ ಕಾಸು ಬೇಕಾದರೆ ನಾನೇ ಕೊಡ್ತೀನಿ ಅಂದ. ಕಾಸಿನ ವಿಷಯ ಅಲ್ಲ ಅಂದೆ. ಮತ್ತೆ ಯಾವುದರ ವಿಷಯ ಅಂತ ಅವನು ಕೇಳಲಿಲ್ಲ. ಸದ್ಯ.

ಅಪ್ಪ ಕೇಳಿದ್ದು ಒಂದೇ. "ಎಂಗಾಸಿ ಬಂದೆ ಮಗ?"

"ಬನ್ನೂರಾಸಿ."

ಅಷ್ಟಕ್ಕೇ ಮುಖ ಬದಲಾಯಿತು. ಹಾರೋಹಳ್ಳಿ, ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಕಿರುಗಾವಲು, ಬನ್ನೂರು. ಒಂದು ಸ್ಟೇಜೂ ತಪ್ಪಲಿಲ್ಲ. ಈ ರೂಟಿನಲ್ಲಿ ಹನ್ನೊಂದು ವರ್ಷ ಕೆಂಪು ಬಸ್ಸು ಓಡಿಸಿದ ಕೈ, ಮಂಚದ ಮೇಲೆ ಕೂತು ಗೇರ್ ಬದಲಾಯಿಸುತ್ತಿತ್ತು. ನನ್ನ ಹೆಸರು ಮಾತ್ರ ಬರಲಿಲ್ಲ.

ಡಿಸೆಂಬರ್ 8, ಭಾನುವಾರ. ಬೆಂಗಳೂರು, ರಾತ್ರಿ 9.40

ವಾಪಸ್ ಎಕ್ಸ್‌ಪ್ರೆಸ್‌ವೇ. ಕತ್ತಲಲ್ಲಿ ಒಬ್ಬಳಿಗೇ ಆ ದಾರಿ ಬೇಡ. ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು, ಎದುರಿಗೆ ಹೈಬೀಮ್ ಇಳಿಸದ ಲಾರಿ. ಕಾರಣ ಸರಿಯಾಗಿಯೇ ಇದೆ.

ಮಂಡ್ಯ ಯಾವಾಗ ಕಳೆಯಿತೋ ತಿಳಿಯಲಿಲ್ಲ. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಎಲ್ಲಕ್ಕೂ ಬೈಪಾಸ್. ಬೋರ್ಡಿದೆ, ಊರಿಲ್ಲ. ಬಾಗಿಲಿನಿಂದ ಬಾಗಿಲಿಗೆ ಎರಡು ಗಂಟೆ ಹತ್ತು ನಿಮಿಷ.

ಡಿಸೆಂಬರ್ 14, ಶನಿವಾರ. ಮೈಸೂರು

ಮಳವಳ್ಳಿ ದಾಟಿದ ಮೇಲೆ ಅರ್ಧ ರಸ್ತೆಗೆ ಹುರುಳಿ ಹರಡಿದ್ದರು. ಅಂಚಿಗೆ ತಲೆಗಾತ್ರದ ಕಲ್ಲುಗಳ ಸಾಲು. ಪಕ್ಕಕ್ಕೆ ತಿರುಗಿಸಲು ಹೋದೆ. ಪೊರಕೆ ಹಿಡಿದಿದ್ದ ಹೆಂಗಸು ಕೈ ಅಡ್ಡ ಮಾಡಿದಳು. "ಮ್ಯಾಗಾಸಿ ಓಡ್ಸವ್ವ, ಏನೂ ಆಗಕಿಲ್ಲ."

ಓಡಿಸಿದೆ. ಮೊದಲು ಹಪ್ಪಳ ಮುರಿದ ಸದ್ದು. ಆಮೇಲೆ ಕಾಳು ಸಿಡಿದು ಕಾರಿನ ಹೊಟ್ಟೆಗೆ ಬಡಿಯತೊಡಗಿತು, ತಗಡಿನ ಸೂರಿಗೆ ಮಳೆಯ ಮೊದಲ ಹನಿಗಳು ಬಿದ್ದ ಹಾಗೆ. ದಾಟಿ ನಿಲ್ಲಿಸಿದೆ. ಹಿಂದಿನಿಂದ ಕೂಗು: "ಇನ್ನೊಂದ್ ಕಿತ ರಿವರ್ಸ್ ಬಾವ್ವ!"

ಎರಡು ಸಲ ಹೋಗಿ ಬಂದೆ. ಇಳಿದು ನೋಡಿದರೆ ಕುಡುಗೋಲಿನ ಹಾಗೆ ಬಾಗಿದ ಪುಟ್ಟ ಕಾಯಿಗಳು ಎರಡು ಸೀಳಾಗಿ ತಿರುಚಿಕೊಂಡಿದ್ದವು. ಸಂದಿನಲ್ಲಿ ಕಾಳು, ಕಂದು, ಬೂದಿ, ಅಲ್ಲೊಂದು ಇಲ್ಲೊಂದು ಕಪ್ಪು. ಮೊರಕ್ಕೆ ತುಂಬಿ ಗಾಳಿಗೆ ತೂರಿದಳು. ಹೊಟ್ಟು ನನ್ನ ಸೀರೆ ಮೇಲೆ, ಕಾಳು ಅವಳ ಕಾಲ ಬುಡಕ್ಕೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದೆ, ಮಾಡಿದ ಕೆಲಸ ಇಷ್ಟು ಬೇಗ ಕಾಳು ಹೊಟ್ಟಾಗಿ ಬೇರೆಯಾಗಿದ್ದು ಒಂದು ದಿನವೂ ನೋಡಿಲ್ಲ.

ಒಬ್ಬ ಬೈಕಿನ ಹುಡುಗ ಜಾರಿ, ಸಾವರಿಸಿಕೊಂಡು, ಬೈದು ಹೋದ. ಅವನು ಬೈದದ್ದರಲ್ಲಿ ತಪ್ಪಿಲ್ಲ. ಬಿಸಿ ಸೈಲೆನ್ಸರಿಗೆ ಒಣ ಬಳ್ಳಿ ಸುತ್ತಿಕೊಂಡು ಕಾರು ಹೊತ್ತಿಕೊಂಡದ್ದೂ ಉಂಟು. ಗೊತ್ತಿದ್ದೂ ಮೂರನೇ ಸಲಕ್ಕೆ ಕರೆಯುತ್ತಾಳೇನೋ ಅಂತ ಕಾದೆ. ಎರಡು ಸೇರು ಕೊಂಡೆ.

ಅಪ್ಪನಿಗೆ ಹೇಳಿದೆ. ನಕ್ಕ. "ನಮ್ ಗಾಡೀಗೇ ಕಾಯ್ತಿದ್ರು ಕಣ. ಹತ್ತೂವರೆ ಬಸ್ ಬಂದ್ರೆ ಒಕ್ಕಣೆ ಆಯ್ತು ಅನ್ನೋರು. ಆರು ಚಕ್ರ, ಅರವತ್ ಜನ." ಹಾರನ್ ಹೊಡೆದ, ಬಾಯಲ್ಲೇ.

ಒಂದು ಗಂಟೆಯಾಗಿದ್ದರೂ ಅತ್ತಿಗೆ ಇನ್ನೂ ರಾತ್ರಿಯ ನೈಟಿಯಲ್ಲೇ ಇದ್ದರು. ಇದು ಈಗ, ಬರೆಯುವಾಗ ನೆನಪಾಯಿತು.

ಡಿಸೆಂಬರ್ 15, ಭಾನುವಾರ

ಮಧ್ಯಾಹ್ನ ಹುರುಳಿ ಬಸ್ಸಾರು, ಮುದ್ದೆ. ಅರ್ಧ ಸೇರಿಗೆ ಅತ್ತಿಗೆ ಒಂದು ಹಿಡಿ ಕಲ್ಲು ಆರಿಸಿದರು. "ಟಾರೂ ಐತೆ ಇದ್ರಲ್ಲಿ" ಅಂದರು. ಅಪ್ಪ ಎರಡು ಮುದ್ದೆ ಉಂಡ.

ವಾಪಸ್ ಎಕ್ಸ್‌ಪ್ರೆಸ್‌ವೇ. ಹೊರಟಾಗ ನಾಲ್ಕು ಗಂಟೆ. ಕತ್ತಲಾಗಿರಲಿಲ್ಲ.

ಡಿಸೆಂಬರ್ 21, ಶನಿವಾರ

ದಾರಿ ಚೆನ್ನಾಗಿದೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತೇನೆ. ನಿಜ ಹೇಳಬೇಕೆಂದರೆ ಕನಕಪುರದ ತನಕ ಅದೂ ಹೈವೇಯೇ. ಅಗಲ ಮಾಡಲು ಹಳೇ ಸಾಲುಮರ ತೆಗೆದರು. ನಡುವಿನ ಡಿವೈಡರಿನಲ್ಲಿ ಈಗ ಕಣಗಿಲೆ. ಹಳ್ಳಿ ರಸ್ತೆ ಅಂತ ಅನ್ನಿಸುವುದು ಮಳವಳ್ಳಿಯಿಂದಾಚೆ ಮಾತ್ರ, ನಾಲೆ, ಗದ್ದೆ, ಕುರಿಮಂದೆ ಶುರುವಾದ ಮೇಲೆ. ನಲವತ್ತು ಚಿಲ್ಲರೆ ಕಿಲೋಮೀಟರ್ ಸುಖಕ್ಕೆ ನೂರು ಕಿಲೋಮೀಟರ್ ನೆವ.

ಬಂಕಿನಲ್ಲಿ ಶೌಚಾಲಯಕ್ಕೆ ಬೀಗ. ಕೀ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ಊಟಕ್ಕೆ. ಸುಂದರ ದಾರಿಗಳ ಬಗ್ಗೆ ಬರೆಯುವ ಗಂಡಸರು ಈ ಬೀಗದ ವಿಷಯ ಬರೆಯುವುದಿಲ್ಲ.

ತೊರೆಕಾಡನಹಳ್ಳಿಗೆ ತಿರುಗುವ ಕಡೆ ಸ್ವಲ್ಪ ನಿಂತೆ. ನಮ್ಮ ಮನೆ ನಲ್ಲಿಯ ಕಾವೇರಿ ಶುದ್ಧವಾಗಿ ಹೊರಡುವುದು ಇಲ್ಲಿಂದ. ಇಲ್ಲೊಮ್ಮೆ ಎತ್ತಿ, ಹಾರೋಹಳ್ಳಿಯಲ್ಲಿ ಮತ್ತೊಮ್ಮೆ, ತಾತಗುಣಿಯಲ್ಲಿ ಮಗದೊಮ್ಮೆ, ಹೀಗೆ ಸುಮಾರು 100 ಕಿ.ಮೀ. ಗುಡ್ಡ ಹತ್ತಿಸುತ್ತಾರೆ. ಅಕ್ಟೋಬರ್ 16ಕ್ಕೆ ಐದನೇ ಹಂತವೂ ಶುರುವಾಯಿತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಪ್ರತಿ ಶನಿವಾರ ನಾನು ಈ ಕಡೆ ಬರುವಾಗ ನೀರು ಆ ಕಡೆ ಹೋಗುತ್ತಿರುತ್ತದೆ. ಅದು ಎಲ್ಲೂ ಹುಣಸೆಮರದ ಕೆಳಗೆ ನಿಲ್ಲುವುದಿಲ್ಲ.

ಡಿಸೆಂಬರ್ 22, ಭಾನುವಾರ. ಮೈಸೂರು, ಬೆಳಿಗ್ಗೆ

ಅತ್ತಿಗೆ ಜಗಳಕ್ಕೆ ಬಂದದ್ದಲ್ಲ. ಸೊಪ್ಪು ಬಿಡಿಸುತ್ತಾ ಹೇಳಿದರು.

"ಶನಿವಾರ ತಲೆಗೆ ನೀರು ಹಾಕ್ಕೊಳೋದು ನೀನು ಬಂದ್ಮೇಲೇನೇ. ಬಚ್ಚಲಿಗೆ ಹೋದ್ರೆ ಅರ್ಧ ಗಂಟೆ ಬೇಕು ನಂಗೆ. ಅಷ್ಟರಲ್ಲಿ ಮಾವ ಡ್ಯೂಟಿಗೆ ಲೇಟಾಯ್ತು ಅಂತ ಗೇಟು ತೆಕ್ಕೊಂಡು ಹೊರಟುಬಿಡ್ತಾರೆ. ಹೋದ್ ತಿಂಗಳು ಸರ್ಕಲ್ ತನಕ ಹೋಗಿದ್ರು." ಸ್ವಲ್ಪ ಹೊತ್ತು ಬಿಟ್ಟು, "ಒಂಬತ್ತಕ್ಕೆ ಬರ್ತಾಳೆ ಅಂತ ಸೀಗೆಪುಡಿ ನೆನೆಹಾಕ್ತೀನಿ. ಹನ್ನೆರಡಕ್ಕೆ ಅದು ಒಣಗಿರ್ತದೆ."

ನಾನೂ ಸೊಪ್ಪು ಬಿಡಿಸಿದೆ.

ಡಿಸೆಂಬರ್ 28, ಶನಿವಾರ. ಬೆಂಗಳೂರು

ಕ್ವಾರ್ಟರ್ ಎಂಡ್. ಹೋಗಲಿಲ್ಲ. ಅಣ್ಣನಿಗೆ ಫೋನ್ ಮಾಡಿ ಹೇಳಿ ಇಟ್ಟ ಮೇಲೆ ಮೈ ಹಗುರಾಯಿತು. ಈ ಒಂದು ವಾಕ್ಯ ಬರೆಯಬೇಕೋ ಬೇಡವೋ ಅಂತ ಅರ್ಧ ಗಂಟೆ ಕೂತಿದ್ದೆ.

2025 ಜನವರಿ 4, ಶನಿವಾರ. ಮೈಸೂರು

ಎಲ್ಲ ಗೊತ್ತಿದ್ದೂ ಮತ್ತೆ ಅದೇ ದಾರಿ. ಸಾಲದ್ದಕ್ಕೆ ಬನ್ನೂರಿನಲ್ಲಿ ಎಡಕ್ಕೆ ತಿರುಗಿ ಸೋಮನಾಥಪುರ.

2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ನೋಡಿರಲಿಲ್ಲ. ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೊರೆದಿಟ್ಟಿದ್ದಾನೆ, ಒಂದಲ್ಲ, ಎಷ್ಟೋ ಕಡೆ. ನನ್ನ ಕಣ್ಣು ಬುಡದ ಪಟ್ಟಿಕೆ ಬಿಟ್ಟು ಮೇಲೇಳಲಿಲ್ಲ. ಆನೆಗಳು ಒಂದರ ಹಿಂದೊಂದು ಗುಡಿ ಸುತ್ತ ಹೊರಟಿವೆ. ಅವಸರವಿಲ್ಲ. ಸುತ್ತು ಹಾಕಿ ನಾನೂ ಹೊರಟಲ್ಲಿಗೇ ಬಂದೆ.

ಅಲ್ಲಿರುವಾಗ ಫೋನು. "ಎಲ್ಲಿದ್ದೀಯ?" ಟ್ರಾಫಿಕ್ ಅಂದೆ. ಹಿಂದೆ ಗಿಳಿಗಳ ಕಿರುಚಾಟ. ಅತ್ತಿಗೆಗೆ ಕೇಳಿಸಿರುತ್ತದೆ.

ಮನೆಗೆ ಬಂದಾಗ ಅಂಗಳದಲ್ಲಿ ಅಪ್ಪನ ಹಾಸಿಗೆ, ರಗ್ಗು, ದಿಂಬಿನ ಕವರು ಎಲ್ಲ ಒಗೆದು ಹರವಿತ್ತು. ಎಲ್ಲ ಒಬ್ಬರೇ ಮಾಡಿದ್ದು. ಯಾರೂ ಏನೂ ಅನ್ನಲಿಲ್ಲ. ಅಪ್ಪ ಕೂಡ ಎಂಗಾಸಿ ಬಂದೆ ಅನ್ನಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದ.

ಅದೇ ದಿನ, ರಾತ್ರಿ 2

ಒಂದೇ ಕಡೆಗೆ ನಿಧಾನ ಯಾಕೆ? ಹೋಗುವಾಗ ನಾಲ್ಕೂವರೆ ಗಂಟೆ, ಬರುವಾಗ ಎರಡು. ದಾರಿ ಇಷ್ಟ ಅಂದಿದ್ದರೆ ಎರಡೂ ಕಡೆ ಇಷ್ಟವಾಗಬೇಕಿತ್ತು. ಮತ್ತೆ ಆ ಹುರುಳಿ? ಅದು ಸುಳ್ಳಲ್ಲ. ಅದಂತೂ ಸುಳ್ಳಲ್ಲ.

ಜನವರಿ 11, ಶನಿವಾರ

ಎಕ್ಸ್‌ಪ್ರೆಸ್‌ವೇ. ಒಂಬತ್ತಕ್ಕೆ ಐದು ನಿಮಿಷ ಇದ್ದಾಗ ಗೇಟು ತೆಗೆದೆ. ಅತ್ತಿಗೆ ನಂಬಲಿಲ್ಲ, ಗಡಿಯಾರ ನೋಡಿದರು. ಸೀಗೆಪುಡಿ ನೆನೆಹಾಕಿರಲಿಲ್ಲ. ಅಪ್ಪ ಇಡೀ ದಿನ ನಿದ್ದೆ.

ಜನವರಿ 14, ಮಂಗಳವಾರ. ಸಂಕ್ರಾಂತಿ

ರಜೆ. ಹೋಗಲಿಲ್ಲ. ಎಳ್ಳುಬೆಲ್ಲ ಬೀರಲು ಪಕ್ಕದ ಮನೆ ಹುಡುಗಿ ಬಂದಿದ್ದಳು. ನಮ್ಮೂರಲ್ಲಿ ಸಂಜೆ ದನಗಳಿಗೆ ಕಿಚ್ಚು ಹಾಯಿಸುವ ಹೊತ್ತಿಗೆ ಅಪ್ಪ ಎಲ್ಲಿದ್ದರೂ ಬಂದು ಸೇರುತ್ತಿದ್ದ. ಒಂದು ವರ್ಷ ಮಾತ್ರ ಬರಲಿಲ್ಲ, ಹಲಗೂರಿನಲ್ಲಿ ನೈಟ್‌ಹಾಲ್ಟ್. ಅವ್ವ ಕಿಚ್ಚು ಆರುವ ತನಕ ಬಾಗಿಲಲ್ಲೇ ನಿಂತಿದ್ದಳು.

ಜನವರಿ 25, ಶನಿವಾರ. ಮೈಸೂರು

ಮತ್ತೆ ಎಕ್ಸ್‌ಪ್ರೆಸ್‌ವೇ. ಅತ್ತಿಗೆ ನೇರ ಬಚ್ಚಲಿಗೆ ಹೋದರು.

ಅಪ್ಪ ಚುರುಕಾಗಿದ್ದ. "ಎಂಗಾಸಿ ಬಂದೆ?"

"ಬನ್ನೂರಾಸಿ" ಅಂದೆ. ಬಾಯಿಗೆ ಅದೇ ಬಂತು.

"ರೋಡಲ್ಲಿ ಹುರುಳಿ ಹಾಕಿದ್ರಾ?"

"ಹಾಕಿದ್ರು."

ಅಪ್ಪ ಸುಮ್ಮನಾದ. ನನ್ನನ್ನೇ ನೋಡಿದ. ಇವತ್ತು ಯಾವ ವಾರ ಅಂತ ಗೊತ್ತಿಲ್ಲದ ಮನುಷ್ಯ. "ಸಂಕ್ರಾಂತಿ ಕಳೀತಲ್ಲವ್ವ. ಇನ್ನೂವೆ ಎಲ್ಲಿ ಹುರುಳಿ?"

ನಾನು ಏನೋ ಗೊಣಗಿದೆ. ಅಪ್ಪ ಮತ್ತೆ ಕೆದಕಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ ಸ್ಕೂಲ್ ಹುಡುಗರನ್ನು ಹೀಗೆಯೇ ಬಿಟ್ಟುಬಿಡುತ್ತಿದ್ದನೋ ಏನೋ. ಅದು ಕಂಡಕ್ಟರ್ ಕೆಲಸ, ಆದರೂ.

ಜನವರಿ 31, ಶುಕ್ರವಾರ. ಬೆಂಗಳೂರು, ರಾತ್ರಿ

ಅಲಾರಂ ಮೂರೂಮುಕ್ಕಾಲಕ್ಕೆ. ಹಳೇ ದಾರಿಯಲ್ಲೇ ಹೋಗಿ ಒಂಬತ್ತರೊಳಗೆ ಮುಟ್ಟಬಹುದು, ಲೆಕ್ಕ ಹಾಕಿದೆ. ಎಲ್ಲೂ ನಿಲ್ಲಿಸದಿದ್ದರೆ. ಎಲ್ಲೂ ನಿಲ್ಲಿಸದಿದ್ದರೆ ಆ ದಾರಿ ಯಾಕೆ ಅಂತಲೂ ಅನ್ನಿಸಿತು. ಇರಲಿ.

ಫೆಬ್ರುವರಿ 1, ಶನಿವಾರ. ಮೈಸೂರು

ಮಂಜು. ಸಾತನೂರು ದಾಟುವಾಗಲೇ ಶುರು. ಶಿಂಷಾ ಸೇತುವೆ ಮೇಲೆ ಹೋಗುತ್ತಿದ್ದೇನೆ ಅಂತ ತಿಳಿದದ್ದು ಚಕ್ರದ ಸದ್ದು ಬದಲಾದದ್ದರಿಂದ. ಮಳವಳ್ಳಿಯಿಂದಾಚೆ ಬಾನೆಟ್ಟೇ ಸರಿಯಾಗಿ ಕಾಣಿಸುತ್ತಿರಲಿಲ್ಲ. ಮುಂದೊಂದು ಕೆಂಪು ಬಸ್ಸು ಸಿಕ್ಕಿತು. ಅದರ ಹಿಂದಿನ ದೀಪ ಹಿಡಿದುಕೊಂಡು ಬನ್ನೂರು ತನಕ ಬಂದೆ, ಇಪ್ಪತ್ತೈದು, ಮೂವತ್ತರ ಸ್ಪೀಡಿನಲ್ಲಿ. ಗದ್ದೆ ಇಲ್ಲ, ನಾಲೆ ಇಲ್ಲ, ಹುಣಸೆಮರ ಎಲ್ಲಿತ್ತೋ. ಕಾವೇರಿ ಸೇತುವೆಯಲ್ಲಿ ಕಿಟಕಿ ಇಳಿಸಿದೆ. ತಣ್ಣಗಿನ ಬಿಳುಪು ಒಳಗೆ ಬಂತು. ಅಷ್ಟೇ.

ಎಂಟೂಮುಕ್ಕಾಲಿಗೆ ಗೇಟು. ಅತ್ತಿಗೆಯ ಕೈಯಲ್ಲಿ ಸೀಗೆಪುಡಿ ಬಟ್ಟಲು.

"ಎಂಗಾಸಿ ಬಂದೆ?"

"ಬನ್ನೂರಾಸಿನೇ ಅಪ್ಪ. ಏನೂ ಕಾಣ್ಲಿಲ್ಲ, ಬರೀ ಮಂಜು. ನಿಮ್ ಬಸ್ಸಿನ ಹಿಂದೇನೇ ಬಂದೆ."

ಅಪ್ಪ ಎದ್ದು ಕೂತ. "ಯಾವ ಡಿಪೋದು?"

ಒಂದು ಗಂಟೆ ಹೊತ್ತು ಅದರ ಬೆನ್ನನ್ನೇ ನೋಡಿಕೊಂಡು ಬಂದಿದ್ದೆ.

"ನೋಡ್ಲಿಲ್ಲ."

"ಹಿಂದ್ಗಡೆ ಬರ್ದಿರ್ತದಲ್ಲ ಮಗ" ಅಂದ. ಬೇಜಾರಾಗಿತ್ತು.

ಬಚ್ಚಲಿನಿಂದ ಚೊಂಬು ಹಂಡೆಗೆ ತಾಗುವ ಸದ್ದು. ನೀರು ಹೊಯ್ದುಕೊಳ್ಳುವುದು, ನಿಲ್ಲುವುದು, ಮತ್ತೆ ಹೊಯ್ದುಕೊಳ್ಳುವುದು. ಮುಕ್ಕಾಲು ಗಂಟೆಯಾದರೂ ಅತ್ತಿಗೆ ಹೊರಗೆ ಬರಲಿಲ್ಲ.