ಒಂದು ಅಕ್ಷರಕ್ಕೆ ಒಂದೇ ಕೀಲಿ

ನಮ್ಮ ಕಡೆಯ ಆಟಿ ತಿಂಗಳ ಮಳೆ ನಿಮಗೆ ಗೊತ್ತಲ್ಲ, ಊರಿನ ಪ್ರೆಸ್ಸಿನೊಳಗೆ ಇಟ್ಟ ಕಾಗದದ ರೀಮುಗಳೂ ಚಂಡಿಯಾಗಿ ಉಬ್ಬುತ್ತಿದ್ದವು. ಅಂಥ ಮಳೆಗಾಲದಲ್ಲೇ ಅಲ್ಲಿಗೆ ಕಂಪ್ಯೂಟರ್ ಬಂದದ್ದು.

ಅಲ್ಲಿ ಮೊಳೆ ಜೋಡಿಸುವ ಹಿರಿಯರೊಬ್ಬರಿದ್ದರು. ಊರಿಗೆಲ್ಲ ಅವರು ‘ಮಾವ’. ಬೆಳಗಿನ ಚಾದ ಜೊತೆ ಗೋಳಿಬಜೆ ಬೀಳದೆ ಮಾತೇ ಹೊರಡುತ್ತಿರಲಿಲ್ಲ. ತಿಂದ ಮೇಲೆ ಕೈಯನ್ನು ಸಾಬೂನಿನಲ್ಲಿ ತೊಳೆದು, ಮೂಸಿ ನೋಡಿ, ಎಣ್ಣೆ ವಾಸನೆ ಹೋಯಿತು ಅನಿಸಿದ ಮೇಲೆಯೇ ಮೊಳೆ ಮುಟ್ಟುವುದು. ಕ ಒಂದು ಗೂಡಿನಲ್ಲಿ, ಕಿ ಮತ್ತೊಂದರಲ್ಲಿ, ಒತ್ತಕ್ಷರಗಳು ಬೇರೆಯೇ ಕಡೆ. ಕಣ್ಣು ಮುಚ್ಚಿಯೂ ಹೆಕ್ಕುವರು.

ಮೊದಲು ಹಾಕಿಸಿದ ತಂತ್ರಾಂಶ ಟೈಪ್‌ರೈಟರಿನ ಕೀಲಿಮಣೆಯನ್ನೇ ನೆಚ್ಚಿಕೊಂಡಿತ್ತು. ತಲೆಕಟ್ಟಿಗೆ ಒಂದು ಕೀಲಿ, ಕೊಂಬಿಗೆ ಒಂದು, ಒತ್ತಿಗೆ ಇನ್ನೊಂದು. ಮಾವ ಸ್ವಲ್ಪ ಹೊತ್ತು ಕುಟ್ಟಿ ನೋಡಿ ಎದ್ದೇಬಿಟ್ಟರು. “ಇಷ್ಟೂ ತುಂಡುಗಳನ್ನು ನಾನೇ ಜೋಡಿಸುವುದಾದರೆ ಈ ಪೆಟ್ಟಿಗೆ ಯಾಕೆ ಮಾರಾಯಾ?”

ಆಮೇಲೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ತಂತ್ರಾಂಶವನ್ನು ಪ್ರೆಸ್ಸಿನ ಮಾಲೀಕರ ಮಗ ತಂದ. ಮಣಿಪಾಲದಿಂದಲೋ ಮಂಗಳೂರಿನಿಂದಲೋ, ನೆನಪು ಮಸುಕಾಗಿದೆ. ಫ್ಲಾಪಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಂಗಿಯೊಳಗೆ ಇಟ್ಟುಕೊಂಡು ಮಳೆಯಲ್ಲಿ ನೆನೆದು ಬಂದದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಮಾವ ಮನಸ್ಸಿಲ್ಲದೆ ಕೂತರು. ಕೆ ಒತ್ತಿದರೆ ಕ. ಅದರ ಮೇಲೆ ಐ ಒತ್ತಿದರೆ ಆ ಕ ತಾನಾಗಿ ಕಿ ಆಯಿತು. ಶಿಫ್ಟ್ ಹಿಡಿದು ಕೆ ಒತ್ತಿದರೆ ಖ, ಜಿ ಒತ್ತಿದರೆ ಘ. “ಓ, ಮಹಾಪ್ರಾಣಕ್ಕೆ ಶಿಫ್ಟೋ!” ಎಂದು ಮಗ್ಗಿಯ ರಾಗದಲ್ಲಿ ಕ ಖ ಗ ಘ ಹೇಳುತ್ತಾ ಹೊರಟರು. ಟ ಯಾಕೆ ಕ್ಯೂ ಮೇಲೆ ಕೂತಿದೆ ಅಂತ ತಗಾದೆ ತೆಗೆದರು. ಟಿ ಕೀಲಿ ತಕಾರಕ್ಕೆ ಹೋಯಿತು, ಕ್ಯೂ ಖಾಲಿ ಇತ್ತು ಮಾವ, ಅಂದೆವು. ತಲೆಯಾಡಿಸಿದರು.

ಎರಡು ವ್ಯಂಜನಗಳ ನಡುವೆ ಎಫ್ ಒತ್ತಿದರೆ ಒತ್ತಕ್ಷರ. ಹಾಗಾಗಿ ‘ಕನ್ನಡ’ಕ್ಕೆ 5 ಕೀಲಿ ಸಾಕು. ಇಂಗ್ಲಿಷಿನ ಕಾಗುಣಿತದಂತೆ ಕುಟ್ಟುವ ಕ್ರಮದಲ್ಲಿ 7 ಬೇಕು, ಯಾಕೆಂದರೆ ಅಲ್ಲಿ ಪ್ರತಿ ಅಕಾರವನ್ನೂ ಬರೆಯಬೇಕು. ನಮ್ಮ ವ್ಯಂಜನ ಅಕಾರವನ್ನು ಒಳಗಿಟ್ಟುಕೊಂಡೇ ಬರುತ್ತದೆ. ರಾವ್ ಅದನ್ನು ನಂಬಿ ಕೀಲಿ ಹಂಚಿದರು. ಮನುಷ್ಯ ಉಚ್ಚಾರವನ್ನಷ್ಟೇ ಹೇಳಲಿ, ಆಕಾರ ಕೂಡಿಸುವ ಕೆಲಸ ಯಂತ್ರದ್ದು. ಮಾವ ಕೇಳಿದ್ದೂ ಅದನ್ನೇ ಅಲ್ಲವೇ?

ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು ಈ ರಾವ್. ಮೊಳೆ, ಅಚ್ಚು, ಲಿಪಿಗಳ ಜೊತೆಗೇ ಬಾಳಿದವರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು, ಬೇಕಾದವರಿಗೆ ಪುಕ್ಕಟೆ ಕೊಟ್ಟರು. ಆ ವಿನ್ಯಾಸವನ್ನೇ ಮುಂದೆ ಕರ್ನಾಟಕ ಸರಕಾರ ಒಪ್ಪಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ನಡೆಯುವುದೂ ಅದರ ಮೇಲೆಯೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು.

ದೀಪಾವಳಿ ಹೊತ್ತಿಗೆ ಯಕ್ಷಗಾನದ ಹ್ಯಾಂಡ್‌ಬಿಲ್ಲುಗಳನ್ನು ಮಾವನೇ ಪರದೆಯ ಮೇಲೆ ಕೂಡಿಸುತ್ತಿದ್ದರು. ಇಂಗ್ಲಿಷ್ ಓದದ ಆ ಬೆರಳುಗಳಿಗೆ ಒಗ್ಗಿತಲ್ಲ, ಕನ್ನಡಕ್ಕೆ ಆದ ಕಂಪ್ಯೂಟರ್ ಕೆಲಸಗಳಲ್ಲಿ ಈ ಕೀಲಿಮಣೆಯನ್ನೇ ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ.